ಬೋರಯ್ಯನ ಹಟ್ಟಿಯ ನೀರು

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನ ಕಂಡಕ್ಟರಿಗೆ ಚಿಕ್ಕೀರಪ್ಪನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಆದರೂ ಬಸ್ಸು ತಳಕು ದಾಟಿ ಸ್ವಲ್ಪ ದೂರ ಹೋದ ಮೇಲೆ ಅವನು ಬಾಗಿಲಿಗೆ ಜೋತುಬಿದ್ದು, "ಯಾರ್ರೀ ಬೋರಯ್ಯನ ಹಟ್ಟಿ? ಇಳೀರಿ ಇಳೀರಿ" ಎಂದು ಕೂಗಿದಾಗಲೆಲ್ಲ ಚಿಕ್ಕೀರಪ್ಪನ ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕಿದ ಹಾಗಾಗುತ್ತಿತ್ತು. ಆ ಸ್ಟಾಪಿಗೆ ಅವನಪ್ಪನ ಕಾಲದಿಂದಲೂ ಹುಣಸೆಕಟ್ಟೆ ಗೇಟ್ ಎಂದೇ ಹೆಸರು. ಹುಣಸೆಕಟ್ಟೆ ಅಂದರೆ ಚಿಕ್ಕೀರಪ್ಪನ ಹಟ್ಟಿ. ಈಗ ಬಸ್ಸಿಳಿದವರೆಲ್ಲ ಎಡಗಡೆ ಹುಣಸೆಕಟ್ಟೆಯ ದಾರಿ ಬಿಟ್ಟು ಬಲಗಡೆ ಬೋರಯ್ಯನ ಹಟ್ಟಿಯ ದಾರಿ ಹಿಡಿಯುತ್ತಿದ್ದರು. ಕಂಡಕ್ಟರ್ ತಾನೇ ಏನು ಮಾಡಿಯಾನು, ಜನ ಇಳಿಯುವ ಕಡೆಯ ಹೆಸರು ಕೂಗುತ್ತಿದ್ದ.

"ನಮ್ಮ ಕುರಿ ಕಾಯ್ಕೊಂಡಿದ್ದೋನ ಹೆಸರು ಬಸ್ಸಿನಾಗೆ ಕೂಗ್ತಾನಲ್ಲೇ, ಕೆಂಚಕ್ಕ," ಎಂದು ಅವನು ಮನೆಗೆ ಬಂದು ಹೆಂಡತಿಯ ಮುಂದೆ ಹಲ್ಲು ಕಡಿದ.

"ಕೂಗಿದ್ರೆ ಕೂಗ್ಲಿ ಬಿಡ್ರಿ. ನಿಮ್ಮನ್ನೇನು ಬಸ್ಸಿನಿಂದ ಇಳಿಸಿದ್ನಾ?" ಎಂದಳು ಕೆಂಚಕ್ಕ.

ಹೆಂಗಸರಿಗೆ ಇಂಥದ್ದೆಲ್ಲ ಅರ್ಥವಾಗುವುದಿಲ್ಲ ಎಂದು ಚಿಕ್ಕೀರಪ್ಪ ತೀರ್ಮಾನಿಸಿದ. ಅವನ ತೀರ್ಮಾನಗಳೆಲ್ಲ ಹೀಗೆಯೇ, ಬೇಗ ಆಗುತ್ತಿದ್ದವು.

ಆ ಬಯಲಿನಲ್ಲಿ ಕುರಿ ಸಾಕಿಕೊಂಡು, ಶೇಂಗಾ ಬಿತ್ತಿಕೊಂಡು ಬದುಕುವ ಐದು ಹಟ್ಟಿಗಳಿದ್ದವು. ಯಾರ ಕುರಿ ಯಾರ ಹೊಲಕ್ಕೆ ನುಗ್ಗಿದರೂ, ಯಾವ ಮದುವೆ ಮುರಿದರೂ, ಐದು ಹಟ್ಟಿಯ ಯಜಮಾನರು ಹುಣಸೆಕಟ್ಟೆಯ ದೊಡ್ಡ ಹುಣಸೆಮರದ ಕೆಳಗೆ ಕೂಡಿ ಮಾತಾಡುತ್ತಿದ್ದರು. ಅದಕ್ಕೆ ಕೂಟ ಎಂದು ಹೆಸರು. ಕೂಟದಲ್ಲಿ ಮೊದಲ ಮಾತು ಚಿಕ್ಕೀರಪ್ಪನದು, ಕೊನೆಯ ಮಾತೂ ಚಿಕ್ಕೀರಪ್ಪನದು. ನಡುವೆ ಉಳಿದವರು ಕೆಮ್ಮಬಹುದಿತ್ತು.

ಬೋರಯ್ಯ ಹನ್ನೆರಡು ವರ್ಷದ ಹಿಂದೆ ಚಿಕ್ಕೀರಪ್ಪನ ಕುರಿ ಕಾಯುತ್ತಿದ್ದವನು. ಒಂದು ದಿನ, "ಯಜಮಾನ್ರೇ, ರಸ್ತೆ ಬಲಗಡೆ ನಮ್ಮಪ್ಪಂದು ಒಂದು ತುಂಡು ನೆಲ ಐತೆ, ಅಲ್ಲೇ ಗುಡಿಸ್ಲು ಹಾಕ್ಕೊಂತೀನಿ" ಎಂದು ಕೈಮುಗಿದು ಹೋದ. ಹೋಗಲಿ, ಆಳು ಹೋದರೆ ಇನ್ನೊಬ್ಬ ಸಿಗುತ್ತಾನೆ. ಆದರೆ ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಕೆಂದಿಯೂ ಇಲ್ಲ. ಕೆಂದಿ ಅಂದರೆ ಚಿಕ್ಕೀರಪ್ಪನ ಕುರಿದೊಡ್ಡಿಯ ನಾಯಿ, ತೋಳದ ಕುತ್ತಿಗೆಗೇ ಬಾಯಿ ಹಾಕಿದ್ದ ಕೆಂಚು ಬಣ್ಣದ ಹೆಣ್ಣುನಾಯಿ. ಅದು ಬೋರಯ್ಯನ ಹಿಂದೆಯೇ ಹೋಗಿಬಿಟ್ಟಿತ್ತು. ಎರಡು ಸಲ ಹಗ್ಗ ಕಟ್ಟಿ ಎಳೆದು ತಂದರು. ಎರಡು ಸಲವೂ ಹಗ್ಗ ಕಡಿದುಕೊಂಡು ಹೋಯಿತು. ಮೂರನೆಯ ಸಲ ಚಿಕ್ಕೀರಪ್ಪ, "ತಿಂದ ಮನೆ ಮರೆಯೋ ನಾಯಿ ನನಗೇತಕ್ಕೆ?" ಎಂದು ಬಿಟ್ಟುಕೊಟ್ಟ. ಅವನ ಹೊಟ್ಟೆಕಿಚ್ಚು ಶುರುವಾದದ್ದು ಬಸ್ಸಿನ ಕೂಗಿನಿಂದಲ್ಲ, ಆ ಹಗ್ಗದ ತುಂಡಿನಿಂದ. ಆ ತುಂಡು ಈಗಲೂ ಅವನ ದೊಡ್ಡಿಯ ಗೂಟದಲ್ಲಿ ನೇತಾಡುತ್ತಿತ್ತು.

ಬೋರಯ್ಯ ಬೆಳೆದ. ಅದೇನು ಮಾಯವೋ, ಮುಟ್ಟಿದ್ದೆಲ್ಲ ಅವನಿಗೆ ಕೈಗೂಡಿತು. ಕೊರೆಸಿದ ಮೊದಲ ಬೋರಿನಲ್ಲೇ ನೀರು ಬಂತು. ಒಂದು ಗುಡಿಸಲು ಇದ್ದ ಕಡೆ ನಲವತ್ತು ಮನೆಯಾದವು. ರಾಯದುರ್ಗದ ಕುರಿ ವ್ಯಾಪಾರಿಗಳು ಅವನ ಅಂಗಳದಲ್ಲಿ ಕೂತು "ಅನ್ನಾ, ಅನ್ನಾ" ಎಂದು ತೆಲುಗಿನಲ್ಲಿ ಮಾತಾಡಿದರೆ ಇವನೂ ತೆಲುಗಿನಲ್ಲೇ ಉತ್ತರ ಕೊಡುತ್ತಿದ್ದ. ಆಮೇಲೆ ಟೆಂಪೋ ಬಂತು. ಅದಾದ ಮೇಲೆ ಹಿಟ್ಟಿನ ಮಿಷನ್ ಬಂತು. ಎಲ್ಲಕ್ಕಿಂತ ಕೆಟ್ಟದ್ದು, ಒಂದು ದಿನ ಚಳ್ಳಕೆರೆ ಸಂತೆಯಲ್ಲಿ ಎದುರಾದ ಬೋರಯ್ಯ "ಯಜಮಾನ್ರೇ" ಅನ್ನದೆ, "ಚೆನ್ನಾಗಿದೀಯಾ ಅಣ್ಣ?" ಅಂದ. ಪ್ರೀತಿಯಿಂದಲೇ ಅಂದ. ಆ ರಾತ್ರಿ ಚಿಕ್ಕೀರಪ್ಪ ಊಟ ಮಾಡಲಿಲ್ಲ.

ಏನಾದರೂ ಒಂದು ಕುಂದು ಹುಡುಕಲೇಬೇಕಲ್ಲ. "ಬೋರಯ್ಯನ ನೀರು ಉಪ್ಪು ಕಣ್ರೋ, ದನಾನೂ ಮೂಸಲ್ಲ" ಎಂದು ಚಿಕ್ಕೀರಪ್ಪ ಹೋದಲ್ಲೆಲ್ಲ ಹೇಳಿದ. ಆ ನೀರನ್ನು ಅವನು ಯಾವತ್ತೂ ಬಾಯಿಗೆ ಬಿಟ್ಟುಕೊಂಡಿರಲಿಲ್ಲ. ಆದರೆ ಕೂಟದಲ್ಲಿ ಎಲ್ಲರೂ "ಹೌದೌದು, ಉಪ್ಪು" ಎಂದು ತಲೆಯಾಡಿಸುತ್ತಿದ್ದರು. ಹಾಗೆ ತಲೆಯಾಡಿಸಿದಾಗ ಅವನಿಗೆ ಒಂದೆರಡು ದಿನ ಒಳ್ಳೆಯ ನಿದ್ದೆ ಬರುತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಆ ನಿದ್ದೆಗೂ ಸಂಚಕಾರ ಬಂತು. ಬೋರಯ್ಯ ಹೇಳಿಕಳಿಸಿದ: "ನಮ್ಮನ್ನೂ ಆರನೇ ಹಟ್ಟಿ ಅಂತ ಸೇರಿಸ್ಕೊಳ್ರಿ. ಹುಣಸೆಮರ ಮುದಿಯಾಗೈತೆ, ನೆರಳು ತೆಳ್ಳಗಾಗೈತೆ. ನಾನು ಕಲ್ಲು ಚಪ್ಪಡಿ ಹಾಸಿ, ಮೇಲೆ ಶೀಟು ಹೊದಿಸಿ, ನಲ್ಲಿ ಇಟ್ಟಿದೀನಿ. ಇನ್ನು ಮುಂದೆ ಕೂಟ ನಮ್ಮ ಹಟ್ಟಿಯಾಗೇ ಆಗ್ಲಿ."

ಸೇರಿಸಿಕೊಳ್ಳುವುದು ಬೇರೆ ಮಾತು. ಆದರೆ ಕೂಟವೇ ಅಲ್ಲಿಗೆ ಹೋದರೆ? ಚಿಕ್ಕೀರಪ್ಪನ ಹತ್ತಿರ ಬೋರಯ್ಯನಷ್ಟು ಕುರಿ ಇರಲಿಲ್ಲ, ಟೆಂಪೋ ಇರಲಿಲ್ಲ, ಬಸ್ ಸ್ಟಾಪಿನ ಹೆಸರೂ ಹೋಗಿತ್ತು. ಉಳಿದದ್ದು ಆ ಮರದ ಕೆಳಗಿನ ಮೊದಲ ಜಾಗ ಒಂದೇ. ಅದೂ ಹೋದರೆ ತಾನು ಯಾರು? ಕಂಬಳಿ ಹೊದ್ದ ಒಬ್ಬ ಮುದುಕ, ಅಷ್ಟೇ.

ದಾರಿ ತೋರಿಸಿದ್ದು ತಳಕಿನ ನಾಗಭೂಷಣನ ಹೋಟೆಲಿನ ರೇಡಿಯೋ. ಬೆಳಗಿನ ವಾರ್ತೆ ಕೇಳದೆ ಚಿಕ್ಕೀರಪ್ಪ ಟೀ ಕುಡಿಯುತ್ತಿರಲಿಲ್ಲ. ಆವತ್ತು ರೇಡಿಯೋದವನು, ಯುರೋಪಿನ ಹದಿನೈದು ದೇಶಗಳು ಒಕ್ಕೂಟವಾಗಿ ಲಂಡನ್ನಿನಲ್ಲಿ ಚೀನಾದ ಜೊತೆ ಮಾತುಕತೆ ನಡೆಸಿದವು ಎಂದು ಹೇಳಿದ.

"ಹದಿನೈದು ದೇಶ ಸೇರಿ ಒಂದು ದೇಶದ ಜೊತೆ ಮಾತಾಡೋದಾ?" ಎಂದು ಚಿಕ್ಕೀರಪ್ಪ ಲೋಟ ಕೆಳಗಿಟ್ಟ.

"ಮತ್ತಿನ್ನೇನ್ರಿ ಯಜಮಾನ್ರೇ," ಎಂದ ನಾಗಭೂಷಣ ಟೀ ಸೋಸುತ್ತ. "ಚೀನಾ ಭಾರೀ ಬೆಳೀತಾ ಐತೆ. ಒಬ್ಬೊಬ್ರೇ ಹೋದ್ರೆ ಒಬ್ಬೊಬ್ರನ್ನೇ ನುಂಗುತ್ತೆ. ಅದಕ್ಕೇ ಎಲ್ಲಾ ಸೇರ್ಕೊಂಡು ಒಂದೇ ಬಾಯಾಗೆ ಮಾತಾಡ್ತಾರೆ."

ಒಂದೇ ಬಾಯಿ. ಆ ಮಾತು ಚಿಕ್ಕೀರಪ್ಪನಿಗೆ ಬೆಲ್ಲದಂತೆ ರುಚಿಸಿತು. ಆ ಬಾಯಿ ಯಾರದಾಗಿರಬೇಕು ಎಂಬ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ. ಟೀ ಆರುತ್ತಿರುವುದನ್ನೂ ನೋಡದೆ ಎದ್ದು ಹೊರಟ.

ಅದೇ ವಾರ ಕೂಟ ಕರೆದ. ನಾಲ್ಕು ಹಟ್ಟಿಯ ಯಜಮಾನರು ಬಂದು ಹುಣಸೆಮರದ ಕೆಳಗೆ ಕೂತರು. ಅವರಲ್ಲಿ ಹಿರಿಯ ಚಿಕ್ಕಬಸಪ್ಪ, ಚಿಕ್ಕೀರಪ್ಪನ ಓರಗೆಯವನು. ಕಿರಿಯ ರಾಮಾಂಜನೇಯ, ಗ್ರಾಮ ಪಂಚಾಯ್ತಿ ಮೆಂಬರು. ಉಳಿದಿಬ್ಬರು ಚಿಕ್ಕಬಸಪ್ಪ ಏನಂದರೆ ಅದನ್ನೇ ಅನ್ನುವವರು. ನೆರಳು ನಿಜವಾಗಿಯೂ ತೆಳ್ಳಗಾಗಿತ್ತು. ಬಿಸಿಲು ಸರಿದಂತೆ ಎಲ್ಲರೂ ಕೂತಲ್ಲೇ ಸರಿಯಬೇಕಾಗಿತ್ತು.

ಚಿಕ್ಕೀರಪ್ಪ ಲಂಡನ್ನಿನ ಸಂಗತಿ ವಿವರಿಸಿದ. ಯುರೋಪಿನ ದೇಶಗಳ ಹೆಸರು ಅವನಿಗೆ ಎರಡೇ ಗೊತ್ತಿದ್ದವು. ಅವನ್ನೇ ನಾಲ್ಕು ಸಲ ಹೇಳಿದ. "ನಾವೂ ಐದು ಜನ ಒಂದಾಗಿ ಹೋಗಾನ. ಕೂಟ ಎಲ್ಲಿಗೂ ಬರಲ್ಲ, ಬೇಕಾದ್ರೆ ಬಂದು ಹಿಂದಿನ ಸಾಲಾಗೆ ಕೂತ್ಕ ಅಂತ ಬೋರಯ್ಯಂಗೆ ಹೇಳಾನ. ಮಾತು ನಾನು ಆಡ್ತೀನಿ. ಅಲ್ಲೀವರ್ಗೂ ಯಾರೂ ಅವನ ಹಟ್ಟಿ ಕಡೆ ಒಬ್ಬೊಬ್ರೇ ತಲೆ ಹಾಕಂಗಿಲ್ಲ. ಹೂಂ ಅಂತೀರೋ ಇಲ್ಲೋ?"

"ಹೂಂ, ತಲೆ ಯಾತಕ್ಕೆ ಹಾಕಾನ," ಎಂದ ಚಿಕ್ಕಬಸಪ್ಪ, ಹುಣಸೆಮರದ ಕೊಂಬೆ ನೋಡುತ್ತ. ಉಳಿದಿಬ್ಬರೂ ಕೊಂಬೆ ನೋಡಿದರು.

"ನನ್ನ ಕಡೆಯಿಂದ ಏನೂ ತೊಂದ್ರೆ ಇಲ್ಲ ಮಾವ," ಎಂದ ರಾಮಾಂಜನೇಯ.

"ಇನ್ನೊಂದು. ನೀರಿನ ಕಟ್ಟು ಗೊತ್ತೈತಲ್ಲ?"

ಗೊತ್ತಿಲ್ಲದೆ ಏನು. ಬೇಡ ಅನ್ನುವ ಮಾತು ಹೊತ್ತು ಇನ್ನೊಂದು ಹಟ್ಟಿಗೆ ಹೋದವರು ಅಲ್ಲಿ ನೀರು ಮುಟ್ಟುವ ಹಾಗಿಲ್ಲ. ಅವರು ನೀರು ಕೊಡುತ್ತಾರೆ, ಇವರು ಹಾಗೆಯೇ ಬಿಟ್ಟು ಮಾತಾಡಿ ಬರಬೇಕು. ಹಿರಿಯನು ಚೊಂಬು ಎತ್ತಿ ಕುಡಿದನೋ, ಅಲ್ಲಿಗೆ ಮುಗಿಯಿತು. ಬಂದವರು ಒಪ್ಪಿದರು ಎಂದೇ ಲೆಕ್ಕ. ಆಮೇಲೆ ಯಾರೂ ಬಾಯಿ ತೆಗೆಯುವಂತಿಲ್ಲ.

"ಮೊದ್ಲು ಚೊಂಬು ನನ್ನ ಮುಂದೆ ಇಡ್ತಾರೆ. ನಾನು ಮುಟ್ಟಲ್ಲ. ನಾನು ಮುಟ್ಟದೆ ನೀವ್ಯಾರೂ ಮುಟ್ಟಂಗಿಲ್ಲ," ಎಂದ ಚಿಕ್ಕೀರಪ್ಪ. "ಹೆಂಗೂ ಆ ಉಪ್ಪು ನೀರು ಯಾರಿಗೆ ಬೇಕು ಬಿಡ್ರಿ."

"ಹೌದೌದು, ಉಪ್ಪು," ಎಂದರು ನಾಲ್ವರೂ.

ಆ ಮೇಲಿನ ದಿನಗಳು ಚಿಕ್ಕೀರಪ್ಪನಿಗೆ ಹಬ್ಬದಂತಿದ್ದವು ಎಂದುಕೊಂಡರೆ ತಪ್ಪು. ಹೊಟ್ಟೆಕಿಚ್ಚಿನವನಿಗೆ ಬಿಡುವು ಎಲ್ಲಿ? ಸಂಜೆಯಾದರೆ ದೊಡ್ಡಿಯ ಹಿಂದಿನ ಬಂಡೆ ಹತ್ತಿ ಕೂತು ಬಲಗಡೆಯ ಹಟ್ಟಿಯನ್ನು ನೋಡುತ್ತಿದ್ದ. ಅಲ್ಲಿ ದೀಪ ಹತ್ತಿದರೆ, ಇಷ್ಟು ಬೇಗ ಹತ್ತಿಸುತ್ತಾರೆ, ಜಂಬ ಎನ್ನುತ್ತಿದ್ದ. ಹತ್ತದಿದ್ದರೆ, ಕಂಜೂಸು ನನ್ಮಗ ಎನ್ನುತ್ತಿದ್ದ. ಹಿಟ್ಟಿನ ಮಿಷನ್ನಿನ ಟುಕುಟುಕು ಸದ್ದು ಗಾಳಿಯಲ್ಲಿ ತೇಲಿ ಬಂದರೆ, ತನ್ನನ್ನೇ ಅಣಕಿಸುತ್ತಿದೆ ಅನ್ನಿಸುತ್ತಿತ್ತು. ಬೋರಯ್ಯನ ಮುಂದೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದ: ನಾವು ಐದು ಹಟ್ಟಿಯವರು ಒಂದಾಗಿ ಬಂದಿದೀವಿ.

ಒಂದು ದಿನ ತಳಕಿನಲ್ಲಿ ನಾಗಭೂಷಣ ಪೇಪರ್ ಓದುತ್ತ ನಕ್ಕ. "ಆ ಯುರೋಪಿನೋರ ಕಥೆ ಕೇಳಿದ್ರಾ ಯಜಮಾನ್ರೇ? ಒಂದೇ ಬಾಯಿ ಅಂತಿದ್ರಲ್ಲ, ಎದ್ದು ಹೋಗೋವಾಗ ಒಬ್ಬ ಚೀನಾಕ್ಕೆ ಕಾರ್ ಮಾರ್ತಾನಂತೆ, ಇನ್ನೊಬ್ಬ ವಿಮಾನ ಮಾರ್ತಾನಂತೆ. ಎದುರಿಗೆ ಒಕ್ಕೂಟ, ಹಿಂದಿನ ಬಾಗಿಲಾಗೆ ಒಬ್ಬೊಬ್ರೇ."

"ಅವ್ರು ಬಿಳೇ ಜನ, ನಿಯತ್ತಿಲ್ಲ," ಎಂದ ಚಿಕ್ಕೀರಪ್ಪ. "ನಮ್ಮೋರು ಹಂಗಲ್ಲ."

ಹೊರಡುವ ದಿನ ಬೆಳಿಗ್ಗೆ ಅವನು ಕರಿಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಳ್ಳಲು ನೋಡಿದರೆ ಹಿಟ್ಟಿನ ಧೂಳು ಹಾರಿತು. ಯಜಮಾನನ ಹೆಗಲ ಕಂಬಳಿ ಅದು, ಕೂಟಕ್ಕೆ, ಮದುವೆಗೆ ಮಾತ್ರ ಹೊರಗೆ ಬರುವಂಥದ್ದು.

"ಇದೇನೇ ಇದು, ಕಂಬಳಿ ತುಂಬಾ ಹಿಟ್ಟು?"

"ಸಿಂಬಿ ಸಿಗಲಿಲ್ಲ, ಜೋಳದ ಮೂಟೆ ಹೊರೋಕೆ ಅದನ್ನೇ ಮಡಚಿ ತಲೆ ಮೇಲೆ ಇಟ್ಕೊಂಡಿದ್ದೆ," ಎಂದಳು ಕೆಂಚಕ್ಕ, ಒಲೆಯ ಕಡೆ ಮುಖ ಮಾಡಿ.

"ತಳಕಿನ ಮಿಷನ್ನಿನವರೆಗೂ ಇದನ್ನ ಹೊತ್ಕೊಂಡು ಹೋಗಿದ್ಯಾ? ಮರ್ಯಾದೆ ಗೊತ್ತಾಗಲ್ವಾ?"

ಅವಳು ಬಗ್ಗಿ ಒಲೆ ಊದತೊಡಗಿದಳು. ಒಲೆಯಲ್ಲಿ ಹೊಗೆ ಜಾಸ್ತಿಯಾಗಿತ್ತು. ಚಿಕ್ಕೀರಪ್ಪ ಕಂಬಳಿಯನ್ನು ಎರಡು ಸಲ ಕೊಡವಿ ಹೊದ್ದುಕೊಂಡು ಹೊರಟ.

ಐವರೂ ರಸ್ತೆಯ ಹತ್ತಿರ ಕೂಡಿದರು. ಬಿಸಿಲು ಆಗಲೇ ನೆತ್ತಿಗೆ ಬಂದಿತ್ತು. ಜಾಲಿಗಿಡಗಳ ನಡುವೆ ನಡೆಯುವಾಗ ಚಿಕ್ಕೀರಪ್ಪ ಮುಂದೆ, ನಾಲ್ವರು ಹಿಂದೆ. ಹಾಗೆಯೇ ಹೋಗಬೇಕೆಂದು ಮೊದಲೇ ಹೇಳಿದ್ದ. ಬೋರಯ್ಯನ ಹಟ್ಟಿಗೆ ಅವನು ಇದೇ ಮೊದಲ ಸಲ ಬರುತ್ತಿದ್ದದ್ದು. ಬೇಲಿ ಎಷ್ಟು ಒತ್ತಾಗಿತ್ತೆಂದರೆ ತೋಳವಿರಲಿ, ಇಲಿಯೂ ನುಗ್ಗುವಂತಿರಲಿಲ್ಲ. ಇಷ್ಟು ಚೆನ್ನಾಗಿ ಬೇಲಿ ಕಟ್ಟುವುದನ್ನು ಇವನಿಗೆ ಕಲಿಸಿದ್ದು ನಾನೇ ಎಂದು ನೆನಪಾಗಿ ಅವನಿಗೆ ಇನ್ನಷ್ಟು ಉರಿಯಿತು.

ಹಟ್ಟಿಗಳಲ್ಲಿ ಯಾರೂ ನೇರವಾಗಿ ಒಳಗೆ ನುಗ್ಗುವುದಿಲ್ಲ. ಕುರಿ ಕಾಯುವ ನಾಯಿಗಳು ಹೊಸಬರನ್ನು ಸಿಗಿದುಬಿಡುತ್ತವೆ. ಬೇಲಿಯ ಹೊರಗೆ ನಿಂತು, "ನಾಯಿ ಹಿಡ್ಕೊಳ್ರೋ" ಎಂದು ಕೂಗಿ, ಮನೆಯವರು ಬಂದು ಕರೆದುಕೊಂಡು ಹೋಗುವವರೆಗೆ ಕಾಯಬೇಕು. ದಿನಾ ಬಂದು ಹೋಗುವವರಿಗೆ ಮಾತ್ರ ಆ ಕೂಗು ಬೇಕಿಲ್ಲ. ಚಿಕ್ಕೀರಪ್ಪ ನಿಂತು, ಗಂಟಲು ಸರಿಮಾಡಿಕೊಂಡು, ಕೂಗಲು ಬಾಯಿ ತೆರೆದ.

ಅಷ್ಟರಲ್ಲಿ ಚಿಕ್ಕಬಸಪ್ಪ ಅವನ ಪಕ್ಕದಿಂದ ದಾಟಿ, ಬೇಲಿಯ ಗೇಟಿನ ಒಳಗಡೆ ಕೈ ಹಾಕಿ, ಕಣ್ಣಿಗೆ ಕಾಣದ ಚಿಲಕ ತೆಗೆದು ಒಳಗೆ ಹೋಗಿಯೇಬಿಟ್ಟ. ಹೋದ ಮೇಲೆ ತಾನೇನು ಮಾಡಿದೆ ಎಂದು ಅವನಿಗೆ ಹೊಳೆಯಿತು. ತಿರುಗಿ ನೋಡಿದ. ಮುಖ ಒಣಗಿತ್ತು.

ನಾಲ್ಕು ನಾಯಿಗಳು ಬಾಣದಂತೆ ಬಂದವು. ನಾಲ್ಕೂ ಕೆಂಚು. ಕೆಂದಿಯ ಮಕ್ಕಳೋ ಮೊಮ್ಮಕ್ಕಳೋ, ಅದೇ ಕಿವಿ, ಅದೇ ಎದೆ. ಒಂದು ನಾಯಿ ಚಿಕ್ಕಬಸಪ್ಪನ ಎದೆಗೆ ಮುಂಗಾಲು ಕೊಟ್ಟು ಗಡ್ಡ ನೆಕ್ಕಿತು. "ಹಚಾ! ಯಾವುದೋ ನಾಯಿ!" ಎಂದು ಅವನು ಕಾಲು ಬೀಸಿದರೆ, ಅದು ಆಟವೆಂದುಕೊಂಡು ಅವನ ಪಂಚೆ ಹಿಡಿದು ಜಗ್ಗಿತು. ಇನ್ನೊಂದು ರಾಮಾಂಜನೇಯನ ಜೇಬಿಗೆ ನೇರವಾಗಿ ಮೂತಿ ಹಾಕಿತು. ಅಲ್ಲಿ ಬಿಸ್ಕತ್ತು ಇರುತ್ತದೆ ಎಂದು ಅದಕ್ಕೆ ಗೊತ್ತಿತ್ತು, ಇತ್ತು ಕೂಡ. ಉಳಿದಿಬ್ಬರು ಯಜಮಾನರ ಕಾಲು ಮೂಸಿ ಒಂದು ನಾಯಿ ಬಾಲ ಅಲ್ಲಾಡಿಸಿತು. ಆಮೇಲೆ ನಾಲ್ಕೂ ಒಟ್ಟಾಗಿ, ಬಾಗಿಲಲ್ಲಿ ನಿಂತಿದ್ದ ಚಿಕ್ಕೀರಪ್ಪನ ಕಡೆ ತಿರುಗಿ, ಹಲ್ಲು ಕಿರಿದು, ಹಟ್ಟಿ ಅದುರುವಂತೆ ಬೊಗಳಿದವು.

"ಏ, ನಾಯಿ ಹಿಡ್ಕೊಳ್ರೋ! ಯಾರೋ ಹೊಸಬರು ಬಂದವ್ರೆ!" ಎಂದು ಒಳಗಿನಿಂದ ಬೋರಯ್ಯನ ಹೆಂಡತಿ ಪಾಲಮ್ಮ ಕೂಗಿದಳು.

ಹೊಸಬರು. ಐದು ಹಟ್ಟಿಯಲ್ಲಿ ಅವನೊಬ್ಬನೇ ಹೊಸಬ. ಚಿಕ್ಕೀರಪ್ಪ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿದ.

"ಅದೂ... ಶೇಂಗಾ ಸಾಗಿಸೋಕೆ ಟೆಂಪೋ ಕೇಳೋಕೆ ಒಂದ್ಸಲ ಬಂದಿದ್ದೆ ಮಾವ," ಎಂದ ರಾಮಾಂಜನೇಯ, ನಾಯಿಯ ಬಾಯಿಂದ ಬಿಸ್ಕತ್ತಿನ ಕಾಗದ ಬಿಡಿಸಿಕೊಳ್ಳುತ್ತ.

"ನನ್ನ ಮೊಮ್ಮಗಳನ್ನ ಇವರ ಕಡೆಯೋರು ಕೇಳೋಕೆ ಬಂದಿದ್ರು. ಮನೆ ನೋಡೋಕೆ ಅಂತ..." ಎಂದ ಚಿಕ್ಕಬಸಪ್ಪ. ಉಳಿದಿಬ್ಬರು ನೆಲ ನೋಡಿದರು. ಇಲ್ಲಿ ನೋಡಲು ಕೊಂಬೆ ಇರಲಿಲ್ಲ.

ಚಿಕ್ಕೀರಪ್ಪ ಸರ್ರನೆ ಹಿಂದಿರುಗಿ ಹೋಗುವವನಿದ್ದ. ಎಲ್ಲಿಗೆ ಹೋಗುವುದು? ಕೆಂಚಕ್ಕ ಒಬ್ಬಳಾದರೂ ತನ್ನ ಕಡೆ ಇದ್ದಾಳೆ, ಮನೆಗೇ ಹೋಗಿ ಬಾಗಿಲು ಹಾಕಿಕೊಳ್ಳೋಣ ಅನ್ನಿಸಿತು. ಆಗಲೇ ನಾಯಿಗಳಲ್ಲಿ ದೊಡ್ಡದೊಂದು ಬೊಗಳುತ್ತ ಬೊಗಳುತ್ತ ಅವನ ಹತ್ತಿರಕ್ಕೇ ಬಂತು. ಹೆಗಲಿಂದ ಇಳಿಬಿದ್ದಿದ್ದ ಕಂಬಳಿಯ ತುದಿಗೆ ಮೂಗು ಹಚ್ಚಿತು. ಒಂದು ಸಲ ಮೂಸಿತು. ಮತ್ತೆ ಮೂಸಿತು. ಬೊಗಳುವುದನ್ನು ನಿಲ್ಲಿಸಿ, ಕಂಬಳಿಗೆ ಕೆನ್ನೆ ಒರೆಸಿ, ಅವನ ಕಾಲ ಬುಡದಲ್ಲಿ ಕೂತು ಬಾಲ ಆಡಿಸಿತು. ದೊಡ್ಡದು ಸುಮ್ಮನಾದದ್ದು ನೋಡಿ ಉಳಿದವೂ ಸುಮ್ಮನಾದವು.

ಆ ನಾಯಿಗೆ ಅವನ ಪರಿಚಯವಿರಲಿಲ್ಲ. ಅದಕ್ಕೆ ಪರಿಚಯವಿದ್ದದ್ದು ಕಂಬಳಿಯದು, ಅದನ್ನು ತಲೆಯ ಮೇಲಿಟ್ಟುಕೊಂಡು ಜೋಳ ಹೊತ್ತು ಬರುತ್ತಿದ್ದವಳದು. ಅವಳು ಹೋಗಿದ್ದು ತಳಕಿನ ಮಿಷನ್ನಿಗಲ್ಲ, ಇಲ್ಲಿಗೆ. ಅದೂ ಒಂದೆರಡು ಸಲವಲ್ಲ. ಇಂಥ ನಾಯಿ ಒಂದೆರಡು ಸಲಕ್ಕೆ ಬಾಲ ಆಡಿಸುವುದಿಲ್ಲ ಎನ್ನುವುದು ಕೆಂದಿಯನ್ನು ಸಾಕಿದವನಿಗೆ ಗೊತ್ತಿರದೆ ಇರುತ್ತದೆಯೇ?

ಅವನಿಗೆ ಕೋಪ ಬರಬೇಕಾಗಿತ್ತು. ಬಂದದ್ದು ಅದಕ್ಕಿಂತ ಕೆಟ್ಟದ್ದು. ಎಲ್ಲರೂ ಈ ಅಂಗಳದಲ್ಲಿ ಕೂತಿದ್ದಾರೆ, ನಕ್ಕಿದ್ದಾರೆ, ಈ ನಾಯಿಗಳ ಕಿವಿ ತುರಿಸಿದ್ದಾರೆ. ತಾನೊಬ್ಬನೇ ಬಂಡೆಯ ಮೇಲೆ ಕೂತು ದೀಪ ನೋಡಿದ್ದೇನೆ. ಬೋರಯ್ಯನ ಮೇಲಿದ್ದ ಹೊಟ್ಟೆಕಿಚ್ಚು ಈಗ ಚಿಕ್ಕಬಸಪ್ಪನ ಮೇಲೆ, ರಾಮಾಂಜನೇಯನ ಮೇಲೆ, ಕೆಂಚಕ್ಕನ ಮೇಲೆ, ಆ ಕಂಬಳಿಯ ಮೇಲೂ ಹರಡಿತು.

"ಬಾ ಅಣ್ಣ, ಬಾ. ಈಗ್ಲಾದ್ರೂ ಬಂದ್ಯಲ್ಲ," ಎಂದು ಬೋರಯ್ಯ ಒಳಗಿನಿಂದ ಬಂದು ಅವನ ಕೈ ಹಿಡಿದ. ನರೆತ ಕೂದಲು, ಅದೇ ಹಳೆಯ ನಗು. ಕರೆದುಕೊಂಡು ಹೋಗಿ ಶೀಟಿನ ನೆರಳಿನಲ್ಲಿ, ತಣ್ಣನೆಯ ಚಪ್ಪಡಿಯ ಮೇಲೆ, ಎಲ್ಲರಿಗಿಂತ ಮೊದಲ ಜಾಗದಲ್ಲಿ ಕೂರಿಸಿದ. ನಾಲ್ವರೂ ಕೆಳಗೆ ಕೂತರು. ನೆರಳು ದಟ್ಟವಾಗಿತ್ತು, ಯಾರೂ ಸರಿಯಬೇಕಾಗಿರಲಿಲ್ಲ. ದೊಡ್ಡ ನಾಯಿ ಬಂದು ಚಿಕ್ಕೀರಪ್ಪನ ಕಂಬಳಿಯ ತುದಿಯ ಮೇಲೆ ಮಲಗಿತು.

ಪಾಲಮ್ಮ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಅವನ ಮುಂದಿಟ್ಟಳು, ಜೊತೆಗೆ ಒಂದು ಅಚ್ಚು ಬೆಲ್ಲ. ಉಳಿದವರ ಮುಂದೆಯೂ ಇಟ್ಟಳು. ಯಾರೂ ಮುಟ್ಟಲಿಲ್ಲ. ಬಿಸಿಲಲ್ಲಿ ನಡೆದು ಬಂದ ನಾಲ್ಕು ಬಾಯಿಗಳು ಒಣಗಿ, ಎಂಟು ಕಣ್ಣುಗಳು ಚಿಕ್ಕೀರಪ್ಪನ ಚೊಂಬಿನ ಮೇಲೆ ನೆಟ್ಟವು. ಅಷ್ಟರಮಟ್ಟಿಗೆ ಅವರು ಕಟ್ಟು ಬಿಟ್ಟಿರಲಿಲ್ಲ.

"ನೀವು ಏನೋ ಮಾತು ತಂದಿದೀರಂತೆ," ಎಂದ ಬೋರಯ್ಯ, ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು. "ಹೇಳಣ್ಣ. ನೀನೇನು ಅಂದ್ರೂ ಕೇಳ್ತೀನಿ."

ಚಿಕ್ಕೀರಪ್ಪ ಬಾಯಿಪಾಠ ಮಾಡಿದ್ದನ್ನು ಶುರುಮಾಡಿದ. "ನಾವು ಐದು ಹಟ್ಟಿಯವರು..."

ಮುಂದಿನ ಮಾತು 'ಒಂದಾಗಿ'. ಅದನ್ನು ಹೇಳುವ ಮೊದಲು ಅವನು ನಾಲ್ವರ ಕಡೆ ನೋಡಿದ. ಚಿಕ್ಕಬಸಪ್ಪ ತನಗೆ ಗೊತ್ತಿಲ್ಲದೆಯೇ ಪಕ್ಕದ ನಾಯಿಯ ಕಿವಿ ತುರಿಸುತ್ತಿದ್ದ. ದೂರದಲ್ಲಿ ಹಿಟ್ಟಿನ ಮಿಷನ್ ಟುಕುಟುಕು ಎನ್ನುತ್ತಿತ್ತು. ಬೇಡ ಎಂದು ಅವನು ಹೇಳಬಹುದಿತ್ತು. ಹೇಳಿದರೆ ಆ ಮಾತು ಅವನೊಬ್ಬನದೇ ಆಗಿರುತ್ತಿತ್ತು, ಎಲ್ಲರಿಗೂ ಅದು ಗೊತ್ತಿರುತ್ತಿತ್ತು. ಆಮೇಲೆ ಮತ್ತೆ ಆ ಬಂಡೆ, ಆ ದೀಪ.

ಅವನು ಚೊಂಬು ಎತ್ತಿದ. ತಲೆ ಮೇಲೆತ್ತಿ, ತುಟಿಗೆ ತಾಗಿಸದೆ, ಒಂದೇ ಧಾರೆಯಲ್ಲಿ ಕುಡಿದ. ತಣ್ಣಗಿತ್ತು. ಎಳನೀರಿನಷ್ಟು ಸಿಹಿಯಾಗಿತ್ತು. ಅವನ ಹುಣಸೆಕಟ್ಟೆಯ ಬಾವಿಯಲ್ಲಿ ಇಂಥ ನೀರು ಅವನಪ್ಪನ ಕಾಲದಲ್ಲೂ ಇರಲಿಲ್ಲ. ಇಷ್ಟು ದಿನ ಎಲ್ಲರೂ ಇದನ್ನು ಕುಡಿದು ಬಂದು ತನ್ನೆದುರು ಉಪ್ಪು ಎಂದು ತಲೆಯಾಡಿಸಿದ್ದರು. ಅವನ ಕಣ್ಣಲ್ಲಿ ನೀರು ಬಂತು, ಕಂಬಳಿಯಿಂದ ಒರೆಸಿಕೊಳ್ಳಲು ಹೋದರೆ ನಾಯಿ ಅದರ ಮೇಲೆ ಮಲಗಿತ್ತು.

ನಾಲ್ಕು ಚೊಂಬುಗಳೂ ಒಟ್ಟಿಗೆ ಮೇಲೆದ್ದವು. ಗುಟುಕಿನ ಸದ್ದೋ ಸದ್ದು.

"ಹೆಂಗೈತಣ್ಣ, ನಮ್ಮ ನೀರು?" ಎಂದು ಬೋರಯ್ಯ ಕೇಳಿದ.

"ಉಪ್ಪು," ಎಂದ ಚಿಕ್ಕೀರಪ್ಪ. ಆಮೇಲೆ ಖಾಲಿ ಚೊಂಬನ್ನು ಪಾಲಮ್ಮನ ಕಡೆ ಚಾಚಿದ. "ಇನ್ನೊಂದು ಚೊಂಬು ತಗಂಬಾರವ್ವ."